ಬೆಕ್ಕಿನ ದೀರ್ಘಕಾಲದ ಕಿಡ್ನಿ ಕಾಯಿಲೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ, 2.4 ಮಿಲಿಗ್ರಾಂ/ಡೆಸಿಲೀಟರ್ ಎಂದು ಬಂದಿದೆ ಎಂದಿಟ್ಟುಕೊಳ್ಳಿ. ಈ ಒಂದೇ ಅಂಕಿಯಿಂದ ಏನನ್ನೂ ಹೇಳಲಾಗದು. ಎರಡು ದಿನ ವಾಂತಿ ಮಾಡಿ ಸೊರಗಿದ ಬೆಕ್ಕಿನ ಮೈಯಲ್ಲಿ ನೀರಿಲ್ಲದೆ ಅಷ್ಟು ಏರಿರಬಹುದು; ನೀರು ತುಂಬಿದರೆ ಇಳಿಯುತ್ತದೆ. ಇನ್ನೊಂದು ಬೆಕ್ಕಿಗೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಅದನ್ನು ಅಂದೇ ನೋಡಬೇಕು. ಮತ್ತೊಂದರ ಕಿಡ್ನಿ ವರ್ಷಗಳಿಂದ ಸದ್ದಿಲ್ಲದೆ ಸವೆದಿರಬಹುದು. ಮೂರಕ್ಕೂ ಅಂಕಿ ಒಂದೇ, ಮಾಡಬೇಕಾದ ಕೆಲಸ ಬೇರೆ ಬೇರೆ. ಇವನ್ನು ಬಿಡಿಸಿ ತೋರಿಸುವಲ್ಲಿ ರಕ್ತಕ್ಕಿಂತ ಹೆಚ್ಚು ನೆರವಾಗುವುದು ಮೂತ್ರ, ಅದರಲ್ಲೂ ಡ್ರಿಪ್ ಹಾಕುವ ಮೊದಲು ಹಿಡಿದ ಮೂತ್ರ. ಡ್ರಿಪ್ ಶುರುವಾದ ಮೇಲೆ ಎಂಥ ಆರೋಗ್ಯವಂತ ಬೆಕ್ಕಿನ ಮೂತ್ರವೂ ತೆಳುವಾಗುತ್ತದೆ, ಆಗ ಆ ಸಾಕ್ಷಿ ಕೈತಪ್ಪಿ ಹೋಗುತ್ತದೆ. ಈ ಕೈಪಿಡಿಯ ಉದ್ದಕ್ಕೂ ನೆನಪಿಡಬೇಕಾದ ಮಾತು ಇದೊಂದೇ ಎಂದರೂ ಸರಿ.

ಕೆಡುವುದು ಏನು

ಬೆಕ್ಕಿನ ಒಂದೊಂದು ಕಿಡ್ನಿಯಲ್ಲೂ ಸುಮಾರು 2 ಲಕ್ಷ ಸೋಸುವ ಘಟಕಗಳಿರುತ್ತವೆ. ಅವುಗಳಿಗೆ ನೆಫ್ರಾನ್ ಎಂದು ಹೆಸರು. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಉಳಿದವು ತಮ್ಮ ಪಾಲಿಗಿಂತ ಹೆಚ್ಚು ಸೋಸುತ್ತ ಕೊರತೆಯನ್ನು ಮುಚ್ಚಿಡುತ್ತವೆ. ಹಾಗಾಗಿಯೇ ಸೋಸುವ ಶಕ್ತಿಯ ಮುಕ್ಕಾಲು ಪಾಲು ಹೋಗುವವರೆಗೂ ಕ್ರಿಯಾಟಿನಿನ್ ಲ್ಯಾಬ್ ಹಾಕಿದ ಗೆರೆ ದಾಟದೆ ಉಳಿಯಬಹುದು. ಬಹಳಷ್ಟು ಬೆಕ್ಕುಗಳಲ್ಲಿ ಶುರುವಿನ ಕಾರಣ ಏನೆಂದು ಕೊನೆಗೂ ಸಿಗುವುದಿಲ್ಲ. ಆದರೆ ಸಿಗಬಹುದಾದ ಕಾರಣಗಳನ್ನು ಹುಡುಕದೆ ಬಿಡಬಾರದು. ಅವುಗಳಲ್ಲಿ ಕೆಲವು ವಾಸಿಯಾಗುವಂಥವು.

ಬಾಯಾರಿಕೆಯ ಸರಣಿಯನ್ನು ತಲೆಕೆಳಗಾಗಿ ಅರ್ಥಮಾಡಿಕೊಳ್ಳುವವರೇ ಹೆಚ್ಚು. ಕಿಡ್ನಿ ನೀರನ್ನು ಹಿಡಿದಿಡಲಾರದೆ ಹೊರಗೆ ಬಿಡುತ್ತದೆ, ಆ ನಷ್ಟ ತುಂಬಲು ಬೆಕ್ಕು ಕುಡಿಯುತ್ತದೆ. "ಜಾಸ್ತಿ ಕುಡಿಯುವುದಕ್ಕೇ ಜಾಸ್ತಿ ಉಚ್ಚೆ ಹೊಯ್ಯುತ್ತಿದೆ" ಎಂದು ನೀರಿನ ಬಟ್ಟಲು ಎತ್ತಿಟ್ಟರೆ ಒಂದೇ ದಿನದಲ್ಲಿ ಬೆಕ್ಕು ಕುಸಿದು ಬೀಳಬಹುದು.

ಈ ಲಕ್ಷಣ ಕಂಡರೆ ಪಟ್ಟಿ ಓದುತ್ತ ಕೂರಬೇಡಿ

ಕೆಳಗಿನವು ನಿಧಾನದ ಕಾಯಿಲೆಯ ಲಕ್ಷಣಗಳಲ್ಲ. ಕಂಡ ಕೂಡಲೇ ಪಶುವೈದ್ಯರಲ್ಲಿಗೆ ಹೊರಡಿ.

ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕರಿದರೂ ಉಚ್ಚೆ ಬಾರದಿರುವುದು, ಮುಖ್ಯವಾಗಿ ಗಂಡು ಬೆಕ್ಕಿನಲ್ಲಿ. ಇದು ಮೂತ್ರದ್ವಾರ ಕಟ್ಟಿರುವ ಸೂಚನೆ. ಒಂದೆರಡು ದಿನದೊಳಗೆ ಪ್ರಾಣಕ್ಕೆ ಕುತ್ತು. ಮನೆಯವರು ಇದನ್ನು ಮಲಬದ್ಧತೆ ಎಂದುಕೊಳ್ಳುವುದು ತೀರಾ ಸಾಮಾನ್ಯ.

ಲಿಲಿ ಅಥವಾ ಡೇಲಿಲಿ ಗಿಡವನ್ನು ಕಚ್ಚಿರುವುದು, ಅದರ ಪರಾಗ ಮೈಗೆ ಮೆತ್ತಿಕೊಂಡು ನೆಕ್ಕಿರುವುದು, ಹೂದಾನಿಯ ನೀರು ಕುಡಿದಿರುವುದು. ಲಕ್ಷಣ ಕಾಣಲಿ ಎಂದು ಕಾದರೆ ತಡವಾಗುತ್ತದೆ. ಮೊದಲ ಗಂಟೆಗಳಲ್ಲಿ ಕೊಟ್ಟ ಚಿಕಿತ್ಸೆಗೂ 18 ಗಂಟೆ ಕಳೆದ ಮೇಲಿನ ಚಿಕಿತ್ಸೆಗೂ ಅಜಗಜಾಂತರ. ವಾಹನದ ರೇಡಿಯೇಟರಿಗೆ ಹಾಕುವ ಕೂಲಂಟ್ ನೆಕ್ಕಿದ್ದರೂ ಹೀಗೆಯೇ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್‌ಗೆ ಬೆಕ್ಕಿನಲ್ಲಿ ಮದ್ದು ಕೆಲಸ ಮಾಡುವ ಅವಧಿ ಸುಮಾರು 3 ಗಂಟೆ ಮಾತ್ರ.

ದಿಢೀರನೆ ಕಣ್ಣು ಕಾಣದಂತಾಗಿ ಗೋಡೆಗೆ ಡಿಕ್ಕಿ ಹೊಡೆಯುವುದು, ಬೆಳಕಿನಲ್ಲೂ ಪಾಪೆ ಅಗಲವಾಗಿಯೇ ಇರುವುದು. ಅತಿ ರಕ್ತದೊತ್ತಡದಿಂದ ಅಕ್ಷಿಪಟಲ ಕಳಚಿರಬಹುದು.

ತಲೆ ಎತ್ತಲಾಗದೆ ಗದ್ದ ಎದೆಗೆ ತಾಗುವಂತೆ ಕುತ್ತಿಗೆ ಜೋಲುಬೀಳುವುದು. ಪೊಟ್ಯಾಸಿಯಂ ತೀರಾ ಇಳಿದಾಗ ಸ್ನಾಯುಗಳು ಹೀಗೆ ಸೋಲುತ್ತವೆ.

ಮನೆಯಲ್ಲಿ ಅಳೆಯಬಹುದಾದದ್ದು

ತೂಕದಿಂದ ಶುರುಮಾಡಿ. ನೀರಿನ ಬಟ್ಟಲಿಗಿಂತ ಮೊದಲು ಸುಳಿವು ಕೊಡುವುದು ತಕ್ಕಡಿ. ಕಿಡ್ನಿ ಕಾಯಿಲೆ ಪತ್ತೆಯಾಗುವ ಎಷ್ಟೋ ತಿಂಗಳ ಮೊದಲೇ ತೂಕ ಇಳಿಯತೊಡಗಿರುತ್ತದೆ, ಕೂದಲ ಕೆಳಗೆ ಅದು ಕಣ್ಣಿಗೆ ಕಾಣುವುದಿಲ್ಲ. ಎಳೆಗೂಸುಗಳನ್ನು ತೂಗುವ, 10 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಊಟಕ್ಕೆ ಮೊದಲು ತೂಗಿ ಬರೆದಿಡಿ. 4 ಕಿಲೋ ಬೆಕ್ಕು 200 ಗ್ರಾಂ ಇಳಿದರೆ ಅದು ಮೈತೂಕದ ಶೇಕಡಾ 5, ಕಾರಣ ಹುಡುಕಲೇಬೇಕು. ಮನುಷ್ಯರು ನಿಲ್ಲುವ ತಕ್ಕಡಿಯ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು ಕಳೆದು ಲೆಕ್ಕ ಹಾಕಿದರೆ ಇಷ್ಟು ಸಣ್ಣ ಬದಲಾವಣೆ ತಪ್ಪಿಹೋಗುತ್ತದೆ. ತೂಗುವಾಗಲೇ ಬೆನ್ನಮೂಳೆಯ ಎರಡೂ ಕಡೆ, ಸೊಂಟದ ಮೇಲೆ ಕೈಯಾಡಿಸಿ. ಹೊಟ್ಟೆ ದುಂಡಗಿದ್ದೂ ಬೆನ್ನಮೂಳೆ ಕೈಗೆ ಚೂಪಾಗಿ ಸಿಕ್ಕರೆ ಸ್ನಾಯು ಕರಗಿದೆ ಎಂದರ್ಥ. ಇದನ್ನು ವೈದ್ಯರಿಗೆ ಹೇಳಿ, ಕ್ರಿಯಾಟಿನಿನ್ ಓದುವಾಗ ಬೇಕಾಗುತ್ತದೆ.

ನೀರನ್ನು ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ಎಲ್ಲ ಬಟ್ಟಲುಗಳಿಗೂ ಅಳತೆ ಮಾಡಿ ನೀರು ಹಾಕಿ, 24 ಗಂಟೆ ಕಳೆದು ಉಳಿದದ್ದನ್ನು ಅಳೆಯಿರಿ. ಅಂಥದ್ದೇ ಇನ್ನೊಂದು ಬಟ್ಟಲಲ್ಲಿ ನೀರಿಟ್ಟು ಬೆಕ್ಕಿಗೆ ಸಿಗದ ಕಡೆ ಇಡಿ. ಎಷ್ಟು ಆವಿಯಾಯಿತು ಎಂದು ಅದರಿಂದ ತಿಳಿದು ಕಳೆಯಬಹುದು. ಮೂರು ದಿನದ ಸರಾಸರಿ ತೆಗೆಯಿರಿ. ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 50 ಮಿಲಿ ದಾಟಿದರೆ, ಅಂದರೆ 4 ಕಿಲೋ ಬೆಕ್ಕಿಗೆ 200 ಮಿಲಿ ದಾಟಿದರೆ, ಅದು ಅತಿ. ಆದರೆ ಈ ಮಿತಿ ಒಣ ಆಹಾರ ತಿನ್ನುವ ಬೆಕ್ಕಿಗೆ. ಡಬ್ಬಿಯ ಹಸಿ ಆಹಾರದಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರೇ ಇರುವುದರಿಂದ ಅದನ್ನು ತಿನ್ನುವ ಬೆಕ್ಕು ಬಟ್ಟಲಿನ ಕಡೆ ತಿರುಗಿ ನೋಡುವುದೇ ಅಪರೂಪ. ಅಂಥ ಬೆಕ್ಕು ದಿನಾ 100 ಮಿಲಿ ಕುಡಿಯತೊಡಗಿದರೂ ಅನುಮಾನಿಸಬೇಕು. ಹೊಸದಾಗಿ ನಲ್ಲಿ ಹುಡುಕುವುದು, ಬಚ್ಚಲಲ್ಲಿ ನಿಂತ ನೀರು ನೆಕ್ಕುವುದು ಕೂಡ ಅಳತೆಯಷ್ಟೇ ಒಳ್ಳೆಯ ಸುಳಿವು.

ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದರೆ ಈ ಲೆಕ್ಕ ಕೆಲಸಕ್ಕೆ ಬಾರದು. ಆಗ ಟ್ರೇಗೆ ಹಾಕುವ, ಉಚ್ಚೆ ತಾಗಿದರೆ ಗಟ್ಟಿಯಾಗುವ ಲಿಟರ್ ಪುಡಿಯ ಉಂಡೆಗಳನ್ನು ನೋಡಿ. ಮೊದಲಿಗಿಂತ ದೊಡ್ಡ ಉಂಡೆಗಳು, ಜಾಸ್ತಿ ಸಂಖ್ಯೆಯಲ್ಲಿ ಸಿಕ್ಕರೆ ಮೂತ್ರದ ಪ್ರಮಾಣ ಏರಿದೆ. ಚಿಕ್ಕ ಚಿಕ್ಕ ಉಂಡೆಗಳು ಮಾತ್ರ ಹೆಚ್ಚಾದರೆ ಅದು ಬೇರೆ ದೋಷ: ಮೂತ್ರಕೋಶದ ಉರಿ, ಕಲ್ಲು ಅಥವಾ ಸೋಂಕು.

ಮೂತ್ರ: ಇಲ್ಲಿಯೇ ಗೆಲ್ಲುವುದು ಅಥವಾ ಸೋಲುವುದು

ಮನೆಯಲ್ಲಿ ಹಿಡಿಯುವುದಾದರೆ ಟ್ರೇಯನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ನೀರು ಹೀರದ ಪ್ಲಾಸ್ಟಿಕ್ ಮಣಿಗಳ ಲಿಟರ್ ತೆಳುವಾಗಿ ಹರಡಿ. ಬೆಕ್ಕು ಹೊಯ್ದ ಕೂಡಲೇ ಟ್ರೇ ಓರೆಮಾಡಿ, ಸೂಜಿಯಿಲ್ಲದ ಸಿರಿಂಜಿನಿಂದ 5 ಮಿಲಿ ಎಳೆದು ಮುಚ್ಚಳದ ಶೀಶೆಗೆ ಹಾಕಿ. ಒಂದು ಗಂಟೆಯೊಳಗೆ ಲ್ಯಾಬ್ ತಲುಪಿಸಲಾಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹಿಡಿದ ಹೊತ್ತನ್ನು ಶೀಶೆಯ ಮೇಲೆ ಬರೆಯಿರಿ. ಹಳೆಯದಾದ ಅಥವಾ ತಣ್ಣಗಾದ ಮೂತ್ರದಲ್ಲಿ ಹರಳುಗಳು ಹೊಸದಾಗಿ ಮೂಡುತ್ತವೆ, ಅವನ್ನು ನೋಡಿ ಕಲ್ಲಿನ ಕಾಯಿಲೆಗೆಂದು ಕೊಡುವ ಆಹಾರ ಶುರುಮಾಡಿದ ಬೆಕ್ಕುಗಳು ಬೇಕಾದಷ್ಟಿವೆ.

ಹೀಗೆ ಹಿಡಿದ ಮಾದರಿಯಲ್ಲಿ ಸಾಂದ್ರತೆ, ಸಕ್ಕರೆ, ಪ್ರೋಟೀನ್ ನೋಡಬಹುದು. ಸೋಂಕಿನ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಇದು ಆಗದು. ಟ್ರೇಯ ಬ್ಯಾಕ್ಟೀರಿಯಾ ಬೆಳೆದು ದಾರಿ ತಪ್ಪಿಸುತ್ತದೆ. ಕಲ್ಚರ್ ಬೇಕಾದರೆ ವೈದ್ಯರು ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ನೇರ ಮೂತ್ರಕೋಶದಿಂದ ತೆಗೆಯಬೇಕು. ಕೇಳಲು ಭಯವಾದರೂ ಬೆಕ್ಕಿಗೆ ಇದು ರಕ್ತ ತೆಗೆಸಿಕೊಂಡಷ್ಟೇ ನೋವು.

ಸಾಂದ್ರತೆಯನ್ನು ರಿಫ್ರ್ಯಾಕ್ಟೋಮೀಟರಿನಿಂದಲೇ, ಅಂದರೆ ಹನಿಯಲ್ಲಿ ಬೆಳಕು ಬಾಗುವುದನ್ನು ನೋಡುವ ಉಪಕರಣದಿಂದಲೇ, ಅಳೆಯಬೇಕು. ಬಣ್ಣ ಬದಲಾಗುವ ಡಿಪ್‌ಸ್ಟಿಕ್ ಪಟ್ಟಿಯಲ್ಲಿ ಸಾಂದ್ರತೆಯ ಚೌಕ ಬೆಕ್ಕಿಗೆ ನಂಬಲರ್ಹವಲ್ಲ, ಬಿಳಿ ರಕ್ತಕಣದ ಚೌಕವಂತೂ ಸುಳ್ಳು ಪಾಸಿಟಿವ್ ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರಿಗೆ ಮೊದಲು ಒಂದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ 1.000ಕ್ಕೆ ಸರಿಹೊಂದಿಸಿರಬೇಕು. ಫ್ರಿಜ್ಜಿನ ಮಾದರಿಯನ್ನು ಕೋಣೆಯ ಬಿಸಿಗೆ ಬಂದ ಮೇಲೆ ಅಳೆಯಬೇಕು.

ಓದುವ ಬಗೆ: 1.035 ದಾಟಿದ್ದರೆ ಕಿಡ್ನಿ ನೀರನ್ನು ಹಿಡಿದಿಡುತ್ತಿದೆ. 1.008ರಿಂದ 1.012ರ ನಡುವೆ ಬಂದರೆ ಸೋಸಿದ ದ್ರವ ಹೆಚ್ಚೇನೂ ಬದಲಾಗದೆ ಹಾಗೇ ಹೊರಬರುತ್ತಿದೆ. ಕಿಡ್ನಿ ಗಟ್ಟಿಮಾಡುವುದನ್ನೂ ತೆಳುಮಾಡುವುದನ್ನೂ ಬಿಟ್ಟಿದೆ. ಎರಡರ ನಡುವಿನ ಅಂಕಿ ಅನುಮಾನದ್ದು, ಇನ್ನೊಂದು ದಿನದ ಮಾದರಿ ಬೇಕು. 1.008ಕ್ಕಿಂತ ಕೆಳಗಿದ್ದರೆ ಗಮನವಿಟ್ಟು ನೋಡಿ: ಮೂತ್ರವನ್ನು ಅಷ್ಟು ತೆಳುಮಾಡುವುದಕ್ಕೂ ಕಿಡ್ನಿ ದುಡಿಯಬೇಕು. ಆದ್ದರಿಂದ ಅದು ಬರೀ ಸವೆದ ಕಿಡ್ನಿಯ ಅಂಕಿಯಲ್ಲ, ಬೇರೆ ಕಾರಣ ಹುಡುಕಿ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಸ್ಟೆರಾಯ್ಡ್, ಡ್ರಿಪ್ ಇವು ಅಂಕಿಯನ್ನು ಕೆಡಿಸುತ್ತವೆ. ಏನೇನು ಕೊಟ್ಟಿದೆ ಎಂದು ಮೊದಲೇ ಹೇಳಿಬಿಡಿ.

ರಕ್ತದಲ್ಲಿ ಯಾವುದನ್ನು ಎಷ್ಟು ನಂಬಬೇಕು

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸೊರಗಿದ ಮುದಿ ಬೆಕ್ಕಿಗೆ ಸ್ನಾಯುವೇ ಕಡಿಮೆ, ಹಾಗಾಗಿ ಅದರ 1.5 "ನಾರ್ಮಲ್" ಎಂದು ಅಚ್ಚಾಗಿ ಬಂದರೂ ಕಿಡ್ನಿ ಸೋತಿರಬಹುದು. ಮೈಕಟ್ಟಿನ ಗಂಡು ಬೆಕ್ಕಿಗೆ 1.8 ಬಂದೂ ಏನೂ ಆಗಿರದೆ ಇರಬಹುದು. ಬರ್ಮನ್ ತಳಿಯಲ್ಲಂತೂ ಆರೋಗ್ಯವಿದ್ದಾಗಲೂ ಇದು ಸ್ವಲ್ಪ ಮೇಲೆಯೇ ಇರುತ್ತದೆ. ಈ ಕಾರಣಕ್ಕೆ ಲ್ಯಾಬಿನ ಗೆರೆಗಿಂತ ಆ ಬೆಕ್ಕಿನದೇ ಹಳೆಯ ವರದಿಯೊಂದಿಗೆ ಹೋಲಿಸುವುದು ಹೆಚ್ಚು ಬೆಲೆಬಾಳುತ್ತದೆ. 7 ವರ್ಷ ದಾಟಿದ ಬೆಕ್ಕಿಗೆ ಆರೋಗ್ಯವಾಗಿರುವಾಗಲೇ ವರ್ಷಕ್ಕೊಮ್ಮೆ ರಕ್ತ, ಮೂತ್ರ ನೋಡಿಸಿ ವರದಿ ಜೋಪಾನ ಮಾಡಿ. 1.1 ಇದ್ದದ್ದು 1.6 ಆದರೆ ಗೆರೆ ದಾಟಿರಲಿ ಬಿಡಲಿ, ಏನೋ ನಡೆದಿದೆ. ಹೋಲಿಸುವಾಗ ಲ್ಯಾಬ್, ಯಂತ್ರ ಒಂದೇ ಆಗಿದ್ದರೆ ಒಳ್ಳೆಯದು.

ಎಸ್‌ಡಿಎಂಎ ಎಂಬುದು ಕಿಡ್ನಿಯ ಸೋಸುವಿಕೆಯನ್ನು ತೋರಿಸುವ, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ರಕ್ತದ ಇನ್ನೊಂದು ಅಳತೆ, ಸೊರಗಿದ ಬೆಕ್ಕಿಗೆ ಹೆಚ್ಚು ಉಪಯೋಗ. ಸಾಮಾನ್ಯವಾಗಿ ಕ್ರಿಯಾಟಿನಿನ್‌ಗಿಂತ ಮೊದಲೇ ಏರುತ್ತದೆ. 14 ಮೈಕ್ರೋಗ್ರಾಂ/ಡೆಸಿಲೀಟರ್ ದಾಟಿ ಅಲ್ಲೇ ನಿಂತರೆ ಮುಂದಿನ ಪರೀಕ್ಷೆ ಮಾಡಬೇಕು. ಒಂದೇ ಸಲ 16 ಬಂದು ಉಳಿದದ್ದೆಲ್ಲ ಸರಿಯಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಿದ ಮೇಲೆ ಮಾತಾಡಿ.

ಯೂರಿಯಾವನ್ನು ಒಂಟಿಯಾಗಿ ನಂಬಬೇಡಿ. ಮಾಂಸದ ಊಟವಾದ ಮೇಲೆ, ಕರುಳಿನಲ್ಲಿ ರಕ್ತ ಸೋರುತ್ತಿದ್ದರೆ, ಮೈಯಲ್ಲಿ ನೀರು ಕಡಿಮೆಯಾದರೆ ಅದು ಏರುತ್ತದೆ. ಇನ್ನೊಂದು ಗೊಂದಲ: ಕೆಲವು ಲ್ಯಾಬ್ ಯೂರಿಯಾ ಎಂದು ಕೊಡುತ್ತವೆ, ಕೆಲವು ಬಿಯುಎನ್ ಎಂದು, ಅಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ. ಎರಡೂ ಮಿಲಿಗ್ರಾಂ/ಡೆಸಿಲೀಟರ್‌ನಲ್ಲಿದ್ದಾಗ ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಇದು ಗೊತ್ತಿಲ್ಲದೆ ಎರಡು ವರದಿ ಪಕ್ಕಪಕ್ಕ ಇಟ್ಟು "ಒಂದೇ ವಾರದಲ್ಲಿ ದುಪ್ಪಟ್ಟಾಗಿದೆ" ಎಂದು ಗಾಬರಿಯಾಗುವುದುಂಟು. ಕ್ರಿಯಾಟಿನಿನ್ ಮೈಕ್ರೋಮೋಲ್/ಲೀಟರ್‌ನಲ್ಲಿದ್ದರೆ 88.4ರಿಂದ ಭಾಗಿಸಿ.

ಇವುಗಳ ಜೊತೆಗೆ ಫಾಸ್ಫರಸ್, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕೆಂಪು ರಕ್ತಕಣದ ಪ್ರಮಾಣ, ಸಕ್ಕರೆ ಮತ್ತು 7 ವರ್ಷ ದಾಟಿದ ಬೆಕ್ಕಿಗೆ ಥೈರಾಯ್ಡ್ ಹಾರ್ಮೋನ್ ಟಿ4 ಒಂದೇ ಸಲಕ್ಕೆ ಕೇಳಿ. ರಕ್ತ ತೆಗೆಯುವ ಮೊದಲು 8 ಗಂಟೆ ಊಟ ಬೇಡ, ನೀರು ಮಾತ್ರ ಯಾವಾಗಲೂ ಇರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವ ಬೆಕ್ಕನ್ನು ಉಪವಾಸ ಇಡುವ ಮೊದಲು ವೈದ್ಯರನ್ನು ಕೇಳಿ.

ಎರಡನ್ನೂ ಜೋಡಿಸಿ ಓದುವುದು

ಕ್ರಿಯಾಟಿನಿನ್ ಏರಿದೆ, ಮೂತ್ರ 1.035ಕ್ಕಿಂತ ಗಟ್ಟಿ: ಮೊದಲ ಅನುಮಾನ ನೀರಿನ ಕೊರತೆಯ ಮೇಲೆ. ವಸಡು ಅಂಟಂಟಾಗಿದೆಯೇ ನೋಡಿ. ಹೆಗಲ ಚರ್ಮ ಎಳೆದು ಬಿಡುವ ಪರೀಕ್ಷೆ ಮುದಿ ಬೆಕ್ಕಿನಲ್ಲಿ ಮೋಸ ಮಾಡುತ್ತದೆ, ಸಡಿಲ ಚರ್ಮ ಹೇಗೂ ನಿಧಾನವಾಗಿಯೇ ಮರಳುತ್ತದೆ. ದ್ರವ ಕೊಟ್ಟು ಎರಡು ಮೂರು ದಿನದಲ್ಲಿ ಮತ್ತೆ ಅಳೆದಾಗ ಕ್ರಿಯಾಟಿನಿನ್ ಇಳಿದರೆ ಕಿಡ್ನಿಯನ್ನು ಸದ್ಯಕ್ಕೆ ಬಿಟ್ಟು, ನೀರು ಕಳೆದುಕೊಂಡದ್ದು ಏಕೆ ಎಂದು ಹುಡುಕಿ.

ಕ್ರಿಯಾಟಿನಿನ್ ಏರಿದೆ, ಮೂತ್ರ ತೆಳು, ಬೆಕ್ಕು ತಿಂಗಳುಗಳಿಂದ ನಿಧಾನವಾಗಿ ತೂಕ ಇಳಿಯುತ್ತಿದೆ: ದೀರ್ಘಕಾಲದ ಕಾಯಿಲೆಯ ಚಿತ್ರ ಇದೇ. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಗಳು 3 ಸೆಂಟಿಮೀಟರ್‌ಗಿಂತ ಚಿಕ್ಕದಾಗಿ, ಅಂಚು ಉಬ್ಬುತಗ್ಗಾಗಿ ಕಂಡರೆ ಬಹುತೇಕ ಖಚಿತ. ಆದರೂ ಬೆಕ್ಕು ಸ್ಥಿರವಾಗಿದ್ದು, ಮೈಯಲ್ಲಿ ನೀರು ಸರಿಯಿರುವಾಗ ಇನ್ನೊಮ್ಮೆ ಅಳೆದ ಮೇಲೆಯೇ ಹಂತ ನಿರ್ಧರಿಸಿ. ದೀರ್ಘಕಾಲದ್ದು ಎನ್ನಲು ಬದಲಾವಣೆ ಮೂರು ತಿಂಗಳಾದರೂ ಇರಬೇಕು.

ಕ್ರಿಯಾಟಿನಿನ್ ಏರಿದೆ, ಮೂತ್ರ ತೆಳು, ಆದರೆ ಮೊನ್ನೆವರೆಗೂ ಚೆನ್ನಾಗಿದ್ದ ಬೆಕ್ಕು ಒಮ್ಮೆಲೇ ಮಂಕಾಗಿದೆ, ಮೈಕಟ್ಟು ಕೆಟ್ಟಿಲ್ಲ: ಇದು ಹೊಸ ಪೆಟ್ಟು. ವಿಷ, ಕಿಡ್ನಿಗೆ ಏರಿದ ಸೋಂಕು ಅಥವಾ ನಾಳದ ಕಲ್ಲು. ಸ್ಕ್ಯಾನಿಂಗ್ ಅಂದೇ ಆಗಬೇಕು. ಒಂದು ಕಿಡ್ನಿ ದೊಡ್ಡದಾಗಿ ಇನ್ನೊಂದು ಪುಟ್ಟದಾಗಿ ಕಂಡರೆ ಕತೆ ಇಷ್ಟು: ಪುಟ್ಟದು ಹಿಂದೆಂದೋ ಕಟ್ಟಿಕೊಂಡು ಸತ್ತಿತ್ತು, ದೊಡ್ಡದರ ಬಲದಲ್ಲಿ ಬೆಕ್ಕು ಬದುಕಿತ್ತು, ಈಗ ದೊಡ್ಡದರ ನಾಳವೂ ಕಟ್ಟಿದೆ. ಬೆಕ್ಕಿನ ಮೂತ್ರನಾಳದ ಒಳರಂಧ್ರ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಮರಳಿನ ಕಣದಷ್ಟು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಸಾಕು. ಈ ಕಲ್ಲು ಔಷಧದಿಂದಲೋ ಆಹಾರದಿಂದಲೋ ಕರಗುವಂಥದ್ದಲ್ಲ.

ಕ್ರಿಯಾಟಿನಿನ್ ಸರಿಯಿದೆ, ಮೂತ್ರ ಮಾತ್ರ ಪದೇಪದೇ ತೆಳು: ಕಿಡ್ನಿಯ ಮೊದಲ ಹಂತ ಇರಬಹುದು. ಅದಕ್ಕೆ ಮುಂಚೆ ಕೆಳಗಿನವನ್ನು ತಳ್ಳಿಹಾಕಿ.

ಕಿಡ್ನಿಯ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು

ಥೈರಾಯ್ಡ್ ಅತಿಯಾದ ಬೆಕ್ಕೂ ನೀರು ಕುಡಿಯುತ್ತದೆ, ಸೊರಗುತ್ತದೆ. ಹೆಚ್ಚಿನವು ಹೊಟ್ಟೆಬಾಕತನದಿಂದ ತಿನ್ನುತ್ತವೆ, ಅದೇ ವ್ಯತ್ಯಾಸ. ದೊಡ್ಡ ತೊಡಕು ಎಂದರೆ ಇವೆರಡೂ ಒಂದನ್ನೊಂದು ಮರೆಮಾಡುತ್ತವೆ. ಥೈರಾಯ್ಡ್ ಏರಿದಾಗ ಕಿಡ್ನಿಗೆ ರಕ್ತ ನುಗ್ಗಿ ಸೋಸುವಿಕೆ ಹೆಚ್ಚುತ್ತದೆ, ಸ್ನಾಯುವೂ ಕರಗುತ್ತದೆ. ಎರಡೂ ಸೇರಿ ಕ್ರಿಯಾಟಿನಿನ್ ಅನ್ನು ಕೆಳಗೆ ಇಳಿಸಿ ತೋರಿಸುತ್ತವೆ. ಥೈರಾಯ್ಡ್ ತಗ್ಗಿಸುವ ಮೆಥಿಮಜೋಲ್ ಮಾತ್ರೆ ಶುರುಮಾಡಿದ ಮೇಲೆ ಕ್ರಿಯಾಟಿನಿನ್ ಏರಿದರೆ ಮಾತ್ರೆ ಕಿಡ್ನಿ ಕೆಡಿಸಿತು ಎಂದು ನಿಲ್ಲಿಸಿಬಿಡಬೇಡಿ, ಮುಚ್ಚಿದ್ದು ಹೊರಬಂದಿದೆ ಅಷ್ಟೇ. ಆದರೆ ಟಿ4 ತೀರಾ ಕೆಳಗಿಳಿದರೆ ಕಿಡ್ನಿಗೂ ಕೆಟ್ಟದ್ದು, ಆಗ ಪ್ರಮಾಣ ತಗ್ಗಿಸಬೇಕು. ಇನ್ನೊಂದು ದಿಕ್ಕಿನಲ್ಲಿ, ಕಿಡ್ನಿ ಕಾಯಿಲೆ ಟಿ4 ಅನ್ನು ತಗ್ಗಿಸುತ್ತದೆ. ಲಕ್ಷಣಗಳಿರುವ ಮುದಿ ಬೆಕ್ಕಿನ ಟಿ4 ನಾರ್ಮಲ್‌ನ ಮೇಲರ್ಧದಲ್ಲಿದ್ದರೆ ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4, ನೋಡಿಸುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯನ್ನು ಮೂತ್ರದ ಸಕ್ಕರೆ ಹಿಡಿದುಕೊಡುತ್ತದೆ. ಹೆದರಿದ ಬೆಕ್ಕಿನ ರಕ್ತದ ಸಕ್ಕರೆ ಆ ಕ್ಷಣಕ್ಕೆ ಏರುವುದರಿಂದ ಹಿಂದಿನ ಒಂದೆರಡು ವಾರಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಫ್ರಕ್ಟೋಸಮೈನ್ ನೋಡಿ ಖಚಿತಪಡಿಸಿ. ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಇದ್ದರೆ ಕಿಡ್ನಿಯ ಕೊಳವೆಗಳಿಗೇ ಹೊಸದಾಗಿ ಪೆಟ್ಟಾಗಿದೆ, ವಿಷ ಅಥವಾ ಸೋಂಕು ಹುಡುಕಿ.

ಮೂತ್ರ ಕಲ್ಚರ್ ಪಾಸಿಟಿವ್ ಬಂದರೆ ಎಲ್ಲಕ್ಕೂ ಆಂಟಿಬಯಾಟಿಕ್ ಬೇಡ. ಲಕ್ಷಣವಿಲ್ಲದೆ ಬರೀ ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಜ್ವರ, ಕಿಡ್ನಿಯ ಭಾಗ ಮುಟ್ಟಿದರೆ ನೋವು, ಕ್ರಿಯಾಟಿನಿನ್ ದಿಢೀರ್ ಜಿಗಿತ ಇದ್ದರೆ ಅದು ಕಿಡ್ನಿಯ ಸೋಂಕು, ಚಿಕಿತ್ಸೆ ಬೇಕೇ ಬೇಕು.

ಪರ್ಷಿಯನ್ ಮತ್ತು ಅದರ ಮಿಶ್ರತಳಿಗಳಲ್ಲಿ ಕಿಡ್ನಿ ತುಂಬ ನೀರುಗುಳ್ಳೆ ಬೆಳೆಯುವ ವಂಶದ ಕಾಯಿಲೆಯಿದೆ. ಸ್ಕ್ಯಾನಿಂಗ್ ಅಥವಾ ಪಿಕೆಡಿ1 ಜೀನ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಕೆಟ್ಟ ಜೀನಿನ ಒಂದು ಪ್ರತಿ ಸಾಕು, ಕಾಯಿಲೆ ಬರುತ್ತದೆ. ಅಂಥ ಬೆಕ್ಕಿನಿಂದ ಮರಿ ಮಾಡಿಸಬಾರದು.

ಮನುಷ್ಯರ ನೋವಿನ ಮಾತ್ರೆ ಕೊಟ್ಟಿದ್ದರೆ ನಾಚದೆ ಹೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಯ ರಕ್ತ ಹರಿವನ್ನು ಕಟ್ಟಿಹಾಕುತ್ತವೆ. ಪ್ಯಾರಾಸಿಟಮಾಲ್ ಬೆಕ್ಕಿನ ಕೆಂಪುಕಣಗಳನ್ನೇ ಕೆಡಿಸಿ ಕೊಲ್ಲುತ್ತದೆ.

ಹಂತ

ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯ ಗುಂಪಿನ ಕ್ರಮವನ್ನೇ ಎಲ್ಲೆಡೆ ಬಳಸುತ್ತಾರೆ. ಕ್ರಿಯಾಟಿನಿನ್ ಮಿಲಿಗ್ರಾಂ/ಡೆಸಿಲೀಟರ್‌ನಲ್ಲಿ:

ಹಂತ 1: 1.6ಕ್ಕಿಂತ ಕಡಿಮೆ, ಎಸ್‌ಡಿಎಂಎ 18ಕ್ಕಿಂತ ಕಡಿಮೆ, ಆದರೆ ಕಿಡ್ನಿ ದೋಷಕ್ಕೆ ಬೇರೆ ಸಾಕ್ಷಿ ಇದೆ
ಹಂತ 2: 1.6ರಿಂದ 2.8, ಎಸ್‌ಡಿಎಂಎ 18ರಿಂದ 25
ಹಂತ 3: 2.9ರಿಂದ 5.0, ಎಸ್‌ಡಿಎಂಎ 26ರಿಂದ 38
ಹಂತ 4: 5.0 ದಾಟಿದೆ, ಎಸ್‌ಡಿಎಂಎ 38 ದಾಟಿದೆ

ಹಂತದ ಅಂಕಿಯಷ್ಟೇ ಮುಖ್ಯವಾದ ಎರಡು ಉಪ ಅಳತೆಗಳಿವೆ, ಇವನ್ನು ಬಿಟ್ಟುಬಿಡುವುದೇ ಹೆಚ್ಚು. ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ, ಅಂದರೆ ಯುಪಿಸಿ, 0.2ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 0.4 ದಾಟಿದರೆ ಕಿಡ್ನಿ ಪ್ರೋಟೀನ್ ಸೋರುತ್ತಿದೆ. ಮೂತ್ರದಲ್ಲಿ ರಕ್ತ ಅಥವಾ ಸೋಂಕು ಇದ್ದಾಗ ಅಳೆದ ಯುಪಿಸಿಯನ್ನು ನಂಬಬೇಡಿ. ಎರಡನೆಯದು ರಕ್ತದೊತ್ತಡ: ಮೇಲಿನ ಅಂಕಿ 140ರ ಕೆಳಗೆ ಇದ್ದರೆ ಒಳ್ಳೆಯದು, 160 ದಾಟಿ ಅಲ್ಲೇ ಇದ್ದರೆ ಚಿಕಿತ್ಸೆ, 180 ದಾಟಿದರೆ ಕಣ್ಣು, ಮಿದುಳಿಗೆ ಅಪಾಯ. ಅಳೆಯುವ ಮೊದಲು ಬೆಕ್ಕನ್ನು 5ರಿಂದ 10 ನಿಮಿಷ ಸದ್ದಿಲ್ಲದ ಕೋಣೆಯಲ್ಲಿ ಬಿಡಬೇಕು. ಒತ್ತಡ ಅಳೆಯಲು ಕಾಲಿಗೆ ಸುತ್ತುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇಕಡಾ 30ರಿಂದ 40 ಇರಬೇಕು. ಕಿರಿದಾದ ಪಟ್ಟಿ ಒತ್ತಡವನ್ನು ಹೆಚ್ಚು ತೋರಿಸುತ್ತದೆ. ಮೊದಲ ಅಳತೆ ಬಿಟ್ಟು ಐದಾರು ಅಳತೆಗಳ ಸರಾಸರಿ. ರಕ್ತ ತೆಗೆದ ಮೇಲೆ ಅಳೆದ ಒತ್ತಡ ಹೆದರಿಕೆಯ ಒತ್ತಡ, ಕಾಯಿಲೆಯದಲ್ಲ. ಆದ್ದರಿಂದ ಇದು ಮೊದಲು, ಸೂಜಿ ಆಮೇಲೆ.

ಒತ್ತಡಕ್ಕೆ ಸಾಮಾನ್ಯವಾಗಿ ಅಮ್ಲೋಡಿಪಿನ್ 0.625 ಮಿಲಿಗ್ರಾಂನಿಂದ ಶುರು, ದಿನಕ್ಕೊಮ್ಮೆ. ಅದು 2.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ. ಪ್ರೋಟೀನ್ ಸೋರಿಕೆಗೆ ಟೆಲ್ಮಿಸಾರ್ಟನ್ ಅಥವಾ ಬೆನಜೆಪ್ರಿಲ್ ಕೊಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಿರುವಾಗ ಇವನ್ನು ಶುರುಮಾಡಬಾರದು, ಶುರುಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಎಲ್ಲ ಔಷಧದ ಪ್ರಮಾಣವನ್ನೂ ಆ ಬೆಕ್ಕನ್ನು ನೋಡಿದ ವೈದ್ಯರೇ ನಿರ್ಧರಿಸಲಿ.

ಚಿಕಿತ್ಸೆ ನಡೆಯುತ್ತಿದೆ, ಆದರೂ ಸರಿಹೋಗುತ್ತಿಲ್ಲ

ಕಿಡ್ನಿ ಆಹಾರ, ಅಂದರೆ ಈ ಕಾಯಿಲೆಗೆಂದೇ ತಯಾರಿಸಿದ ಆಹಾರ, ತಿನ್ನುತ್ತಿಲ್ಲ. ಹೆಚ್ಚಿನ ಸಲ ತಪ್ಪು ಆಹಾರದ್ದಲ್ಲ, ಹೊತ್ತಿನದು. ಹೊಟ್ಟೆ ತೊಳಸುತ್ತಿರುವಾಗ ಹೊಸ ಆಹಾರ ಇಟ್ಟರೆ ಬೆಕ್ಕು ಆ ವಾಸನೆಗೂ ವಾಕರಿಕೆಗೂ ಗಂಟುಹಾಕಿಬಿಡುತ್ತದೆ, ಮತ್ತೆ ಜನ್ಮದಲ್ಲಿ ಮುಟ್ಟುವುದಿಲ್ಲ. ತಟ್ಟೆಯ ಹತ್ತಿರ ಬಂದು ಮೂಸಿ, ತುಟಿ ನೆಕ್ಕಿ, ಮುಖ ತಿರುಗಿಸುವ ಬೆಕ್ಕಿಗೆ ಹಸಿವಿದೆ, ಜೊತೆಗೆ ವಾಕರಿಕೆಯೂ ಇದೆ. ಮೊದಲು ಮಾರೋಪಿಟಂಟ್, ಮಿರ್ಟಜಪಿನ್‌ನಂಥ ಔಷಧದಿಂದ ಅದನ್ನು ತಗ್ಗಿಸಿ, ಬಾಯಿಹುಣ್ಣು, ಹಲ್ಲುನೋವು ಇದೆಯೇ ನೋಡಿಸಿ, ಆಮೇಲೆ ಮೂರು ನಾಲ್ಕು ವಾರ ಹಿಡಿದು ಹಳೆಯದಕ್ಕೆ ಚೂರುಚೂರಾಗಿ ಬೆರೆಸಿ. ಮಿರ್ಟಜಪಿನ್ ಕಿಡ್ನಿ ಕೆಟ್ಟ ಬೆಕ್ಕಿನ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಮಾತ್ರೆಯಾದರೆ ದಿನ ಬಿಟ್ಟು ದಿನ ಕೊಡುತ್ತಾರೆ. ಪ್ರಮಾಣ ಹೆಚ್ಚಾದರೆ ಬೆಕ್ಕು ನಿದ್ದೆಗೆಟ್ಟು ಕೂಗುತ್ತ ತಿರುಗುತ್ತದೆ. ಏನು ಮಾಡಿದರೂ ಕಿಡ್ನಿ ಆಹಾರ ಒಲ್ಲದಿದ್ದರೆ ಅದು ತಿನ್ನುವುದನ್ನೇ ಕೊಡಿ. ತಿಂದ ಸಾಮಾನ್ಯ ಆಹಾರ ತಿನ್ನದ ಕಿಡ್ನಿ ಆಹಾರಕ್ಕಿಂತ ಸಾವಿರ ಪಾಲು ಮೇಲು.

ಫಾಸ್ಫರಸ್ ಇಳಿಯುತ್ತಿಲ್ಲ. ಗುರಿ ಮಿಲಿಗ್ರಾಂ/ಡೆಸಿಲೀಟರ್‌ನಲ್ಲಿ: ಹಂತ 2ರಲ್ಲಿ 4.6ರ ಕೆಳಗೆ, ಹಂತ 3ರಲ್ಲಿ 5.0, ಹಂತ 4ರಲ್ಲಿ 6.0. ಆಹಾರ ಬದಲಿಸಿ ಒಂದೆರಡು ತಿಂಗಳಾದರೂ ಇಳಿಯದಿದ್ದರೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್‌ನಂಥ ಫಾಸ್ಫೇಟ್ ಹಿಡಿಯುವ ಔಷಧ ಸೇರಿಸುತ್ತಾರೆ. ಅದು ಕರುಳಿನಲ್ಲಿ ಆಹಾರದ ಫಾಸ್ಫೇಟನ್ನು ಹಿಡಿದುಕೊಂಡು ಮಲದಲ್ಲಿ ಹೋಗುತ್ತದೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಪ್ರತಿ ಊಟಕ್ಕೂ ಬೆರೆಸಿ. ನಡುವೆ ಕೊಡುವ ತಿಂಡಿಗಳ ಲೆಕ್ಕವೂ ಇರಲಿ. ಫಾಸ್ಫರಸ್ ತಗ್ಗಿಸಿದ ಮೇಲೆ ಕೆಲವು ಬೆಕ್ಕುಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅಯಾನೈಸ್ಡ್ ಕ್ಯಾಲ್ಸಿಯಂ, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ, ನೋಡಿಸಿ, ಏರಿದ್ದರೆ ಆಹಾರವನ್ನು ಸಡಿಲಿಸಬೇಕಾಗುತ್ತದೆ.

ಮಲಬದ್ಧತೆ. ಗಟ್ಟಿ ಉಂಡೆಗಳು, ಟ್ರೇಯಲ್ಲಿ ಮುಕ್ಕರಿ ಆಮೇಲೆ ವಾಂತಿ. ಮೈಯಲ್ಲಿ ನೀರು ಕಡಿಮೆ ಎಂಬುದರ ಗುರುತು ಇದು. ಮಲ ಮೆದುಮಾಡುವ ಪಾಲಿಎಥಿಲೀನ್ ಗ್ಲೈಕಾಲ್ 3350 ಪುಡಿಯನ್ನು (ಕೂಲಂಟಿನ ಎಥಿಲೀನ್ ಗ್ಲೈಕಾಲ್ ಬೇರೆ) ಹಸಿ ಆಹಾರಕ್ಕೆ ಬೆರೆಸುವುದು ಸುಲಭ. ಎಷ್ಟೆಂದು ವೈದ್ಯರನ್ನು ಕೇಳಿ. ಅಂಗಡಿಯಲ್ಲಿ ಸಿಗುವ ಮನುಷ್ಯರ ಫಾಸ್ಫೇಟ್ ಎನಿಮಾ ಎಂದಿಗೂ ಬೇಡ, ಬೆಕ್ಕನ್ನು ಅದು ಗಂಟೆಗಳಲ್ಲಿ ಕೊಲ್ಲಬಲ್ಲದು.

ಚರ್ಮದಡಿ ಕೊಡುವ ದ್ರವ. ಎಲ್ಲ ಬೆಕ್ಕಿಗೂ ಬೇಕಿಲ್ಲ. ಕುಡಿದರೂ ನೀರಿನ ಕೊರತೆ ಉಳಿಯುವ ಬೆಕ್ಕಿಗೆ ಬೇಕು. ಸಾಮಾನ್ಯವಾಗಿ ಒಂದು ಸಲಕ್ಕೆ 75ರಿಂದ 150 ಮಿಲಿ ರಿಂಗರ್ ಲ್ಯಾಕ್ಟೇಟ್, ದಿನಾ ಅಥವಾ ಎರಡು ಮೂರು ದಿನಕ್ಕೊಮ್ಮೆ. ಡೆಕ್ಸ್‌ಟ್ರೋಸ್ ಬೆರೆತ ಬಾಟಲಿಯನ್ನು ಚರ್ಮದಡಿ ಕೊಡಬಾರದು, ಉರಿ ಬಂದು ಕೀವಾಗುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮಣಿಕಟ್ಟಿಗೆ ಒಂದು ಹನಿ ಬಿಟ್ಟರೆ ಬಿಸಿಯೂ ತಣ್ಣಗೂ ಅನಿಸದಷ್ಟು ಮಾಡಿ. ಮೈಕ್ರೋವೇವ್ ಬೇಡ, ಒಳಗೆ ಒಂದೊಂದು ಕಡೆ ಕುದಿಯುವಷ್ಟು ಬಿಸಿಯಾಗುತ್ತದೆ. ನಳಿಕೆಯ ಗಾಳಿ ಹೊರಬಿಡಿ, ಪ್ರತಿ ಸಲ ಹೊಸ 18 ಅಥವಾ 20 ಗೇಜ್ ಸೂಜಿ ಹಾಕಿ. ಹೆಗಲುಗಳ ನಡುವಿನ ಚರ್ಮವನ್ನು ಎತ್ತಿ ಹಿಡಿದು, ಆ ಮಡಿಕೆಯ ಬುಡಕ್ಕೆ, ಬೆನ್ನಿಗೆ ಸಮನಾಗಿ ಚುಚ್ಚಿ. ಕೂದಲು ಒದ್ದೆಯಾದರೆ ಸೂಜಿ ಆಚೆ ಬದಿಗೆ ಹಾದುಹೋಗಿದೆ. ಹನಿ ಬೀಳದಿದ್ದರೆ ಸೂಜಿಯನ್ನು ಕೊಂಚ ತಿರುಗಿಸಿ, ತುದಿ ಚರ್ಮಕ್ಕೆ ಒತ್ತಿರುತ್ತದೆ. ಉಬ್ಬಿದ ಗಂಟು ಮುಂಗಾಲಿಗೆ ಇಳಿದರೆ ಗಾಬರಿ ಬೇಡ, ಒಂದು ದಿನದೊಳಗೆ ಹೀರಿಕೊಳ್ಳುತ್ತದೆ. ಮುಂದಿನ ಸಲದ ಹೊತ್ತಿಗೂ ಗಂಟು ಇದ್ದರೆ ದ್ರವ ಕೊಡಬೇಡಿ, ವೈದ್ಯರಿಗೆ ತಿಳಿಸಿ. ಹೃದಯ ದುರ್ಬಲವಾದ ಬೆಕ್ಕಿಗೆ ಹೆಚ್ಚಾದ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಲಗಿದಾಗ ಎದೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30 ದಾಟುತ್ತ ಹೋದರೆ ದ್ರವ ನಿಲ್ಲಿಸಿ ಅಂದೇ ತೋರಿಸಿ.

ಬೆಕ್ಕು ಮಂಕು, ವಸಡು ಬಿಳಚು. ರಕ್ತಹೀನತೆ ನೋಡಿ. ಹೊಸ ಕೆಂಪುಕಣ ತಯಾರಿಸಲು ಸೂಚನೆ ಕೊಡುವ ಹಾರ್ಮೋನ್ ಕಿಡ್ನಿಯಲ್ಲೇ ಹುಟ್ಟುವುದರಿಂದ ಕಾಯಿಲೆ ಬಲಿತಂತೆ ಕಣಗಳೂ ಇಳಿಯುತ್ತವೆ. ಕೆಂಪುಕಣದ ಪ್ರಮಾಣ ಶೇಕಡಾ 20ರ ಹತ್ತಿರ ಬಂದರೆ ಡಾರ್ಬೆಪೊಯೆಟಿನ್ ಚುಚ್ಚುಮದ್ದು ಮತ್ತು ಕಬ್ಬಿಣದ ಬಗ್ಗೆ ಕೇಳಿ.

ಸ್ಥಿರವಾಗಿದ್ದ ಕ್ರಿಯಾಟಿನಿನ್ ಒಮ್ಮೆಲೇ ಜಿಗಿದಿದೆ. ಕಾಯಿಲೆ ಮುಂದುವರಿಯಿತು ಎಂದು ಕೈಬಿಡುವ ಮೊದಲು ಶುರುವಿನಿಂದ ಮತ್ತೆ ಹುಡುಕಿ: ನೀರಿನ ಕೊರತೆ, ಹೊಸ ಔಷಧ, ಸೋಂಕು, ನಾಳದ ಕಲ್ಲು. ಹಳೆಯ ಕಾಯಿಲೆಯ ಮೇಲೆ ಕೂತ ಹೊಸ ಪೆಟ್ಟು ಅದಾಗಿದ್ದರೆ ಅಂಕಿ ಹಿಂದಿನ ಮಟ್ಟಕ್ಕೆ ಮರಳುವ ಸಾಧ್ಯತೆ ಇದೆ.

ಸ್ಥಿರವಾಗಿರುವ ಬೆಕ್ಕಿಗೆ ಹಂತ 2ರಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ, ಹಂತ 3ರಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಹಂತ 4ರಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ತೂಕ, ಒತ್ತಡ, ರಕ್ತ, ಮೂತ್ರ ನೋಡಿಸಿ. ಪ್ರಯಾಣದ ಹೆದರಿಕೆಗೆ ಗ್ಯಾಬಪೆಂಟಿನ್ ಕೊಡುವುದಿದ್ದರೆ ಪ್ರಮಾಣ ತಗ್ಗಿಸಲು ಕೇಳಿ. ಅದು ಹೊರಹೋಗುವುದು ಕಿಡ್ನಿಯ ಮೂಲಕವೇ, ಸಾಮಾನ್ಯ ಪ್ರಮಾಣಕ್ಕೆ ಈ ಬೆಕ್ಕುಗಳು ಮರುದಿನವೂ ತೂರಾಡುತ್ತವೆ.